ಉಚಲ್ ಹಿಡಿಯುವ ಮೊದಲು ತಿಂಗಳು ಎಣಿಸಿರಿ



ಈ ಅಂಕಣದಲ್ಲಿ ನಾವು ತೊಗರಿಯ ಕಾಯಿಕೊರಕ, ಬೀಜೋಪಚಾರ, ದನಗಳ ಕಾಲುಬಾಯಿ ಬೇನೆ ಮುಂತಾದವುಗಳ ಬಗ್ಗೆ ಬರೆಯುತ್ತ ಬಂದಿದ್ದೇವೆ. ಈ ಸಲ ಮೊದಲ ಮಗುವಿನ ನಿರೀಕ್ಷೆಯಲ್ಲಿರುವ ದಂಪತಿಗಳ ಕುರಿತು ನಾಲ್ಕು ಮಾತು. ಇದು ಆರೋಗ್ಯದ ವಿಷಯ, ಕೃಷಿಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಮುರುಮ, ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಬಸಿರು ಮತ್ತು ಬೆಳೆ ಒಂದೇ ಪಂಚಾಂಗವನ್ನು ಹಿಡಿದು ನಡೆಯುತ್ತವೆ. ಹೇಗೆಂಬುದನ್ನು ನೋಡೋಣ.

ನಮ್ಮಲ್ಲಿ ಮದುವೆಗಳು ಹೆಚ್ಚಾಗಿ ನಡೆಯುವುದು ಬೇಸಗೆಯಲ್ಲಿ. ಮಳೆಗಾಲ ಬರುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಸೊಸೆಗೆ ದಿನ ನಿಂತಿರುತ್ತವೆ. ಅದೇ ಮಳೆಗಾಲದಲ್ಲಿ ಕಬ್ಬಿನ ಮುಕಾದಮ್ ಊರಿಗೆ ಬಂದು ಉಚಲ್ ಹಂಚುತ್ತಾನೆ. ಬಿತ್ತನೆಗೆ ಸಾಲ, ಮದುವೆಗೆ ಸಾಲ ಮಾಡಿ ಕೈ ಖಾಲಿಯಾದ ಸಮಯವದು. ಮುಂಗಡ ಹಣ ಕಂಡಾಗ ಬೇಡವೆನ್ನುವವರು ಯಾರು? ದಸರಾ ದೀಪಾವಳಿ ಮುಗಿಯುತ್ತಲೇ ಟ್ರ್ಯಾಕ್ಟರು, ಲಾರಿಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರ, ಸಾಂಗಲಿ, ಕೊಲ್ಲಾಪುರದ ಕಡೆಗೋ ಬೆಳಗಾವಿ, ಬಾಗಲಕೋಟೆಯ ಕಡೆಗೋ ಪ್ರಯಾಣ. ಹಂಗಾಮು ಮುಗಿದು ತಿರುಗಿ ಬರುವುದು ಮಾರ್ಚ್, ಏಪ್ರಿಲ್‌ನಲ್ಲಿ.

ಈಗ ಲೆಕ್ಕ ಹಾಕಿ ನೋಡಿರಿ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಮತ್ತು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಜೂನ್ 10ಕ್ಕೆ ಕೊನೆಯ ಮುಟ್ಟು ಆಗಿದ್ದರೆ ಹೆರಿಗೆ ಮಾರ್ಚ್ 17ರ ಸುಮಾರಿಗೆ. ಆ ಹೊತ್ತಿಗೆ ನಮ್ಮ ಹುಡುಗಿ ಎಲ್ಲಿರುತ್ತಾಳೆ? ತವರಿನಲ್ಲಿ ಅಲ್ಲ, ಅತ್ತೆಯ ಮನೆಯಲ್ಲೂ ಅಲ್ಲ. ಪರಊರಿನ ಕಬ್ಬಿನ ಗದ್ದೆಯ ಬದಿಯಲ್ಲಿ, ತಾಡಪತ್ರಿ ಹೊದಿಸಿದ ಗುಡಿಸಲಿನಲ್ಲಿ.

ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆದರೆ ಮುಕಾದಮನ ಲೆಕ್ಕದ ವಹಿಯಲ್ಲಿ ಒಂದು ಕೊಯ್ತಾ ಎಂದರೆ ಗಂಡಹೆಂಡಿರ ಒಂದು ಜೋಡಿ. ಒಬ್ಬನೇ ಹೋದರೆ ಅದು ಅರ್ಧ ಕೊಯ್ತಾ. ಆದ್ದರಿಂದಲೇ ಹೆಂಡತಿ ಬಸುರಿಯಾಗಿದ್ದರೂ ಹೋಗಬೇಕು, ಇಲ್ಲವಾದರೆ ಪೂರ್ತಿ ಉಚಲ್ ಸಿಗುವುದಿಲ್ಲ. ಒಂದು ದಿನ ಮೈ ಸರಿಯಿಲ್ಲವೆಂದು ಕುಳಿತರೆ ಖಾಡಾ ಎಂದು ದಂಡ ಬೀಳುತ್ತದೆ. ಕೆಲಸ ಸೂರ್ಯ ಹುಟ್ಟುವ ಮೊದಲೇ ಆರಂಭ. ಗಂಡ ಕಡಿಯುತ್ತಾನೆ, ಹೆಂಡತಿ ಸೋಗೆ ತೆಗೆದು ಹೊರೆ ಕಟ್ಟಿ, 30–40 ಕಿಲೋ ತೂಗುವ ಹೊರೆಯನ್ನು ತಲೆಯ ಮೇಲೆ ಹೊತ್ತು, ಹಲಗೆಯ ಏಣಿ ಹತ್ತಿ ಲಾರಿಗೆ ಹಾಕುತ್ತಾಳೆ. ಈ ಕೆಲಸ ಬಸುರಿಗೆ ತಕ್ಕದ್ದಲ್ಲವೆಂದು ಹೇಳಲು ವೈದ್ಯರೇ ಬರಬೇಕೆ?

ಕೆಲವು ವರ್ಷಗಳ ಹಿಂದೆ ಒಂದು ಎಳೆಯ ಜೋಡಿ ಹೊರಡುವ ಮುನ್ನ ನಮ್ಮನ್ನು ಕಾಣಲು ಬಂದಿತ್ತು. ಹುಡುಗಿ ಆಳಂದದ ಕಡೆಯವಳು, ಕನ್ನಡ ಬಿಟ್ಟು ಬೇರೆ ಮಾತು ಬಾರದವಳು. ಐದು ತಿಂಗಳಾಗಿತ್ತು. ಇಬ್ಬರ ಮುಖದಲ್ಲೂ ಮೊದಲ ಮಗುವಿನ ಹಿಗ್ಗು ಕಾಣುತ್ತಿತ್ತು. ನಾವು ಪ್ರಾರ್ಥಿಸಿ, ಆಶೀರ್ವದಿಸಿ, “ಹುಷಾರಾಗಿ ಹೋಗಿ ಬರ್ರಿ” ಎಂದು ಕಳುಹಿಸಿದೆವು. ಹೆರಿಗೆ ಯಾವಾಗ, ಎಲ್ಲಿ, ಯಾರು ಜೊತೆಗಿರುತ್ತಾರೆ ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಂಟನೆಯ ತಿಂಗಳಲ್ಲಿ, ಗದ್ದೆಯಲ್ಲೇ ಆಕೆಗೆ ನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ತನಗೆ ಎರಡು ದಿನದಿಂದ ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು ಎಂಬುದನ್ನು ಅಲ್ಲಿಯ ದಾದಿಗೆ ಮರಾಠಿಯಲ್ಲಿ ಹೇಳಲು ಆಕೆಗೆ ಬರಲಿಲ್ಲ. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಬೇಸಗೆಯಲ್ಲಿ ಆ ಹುಡುಗ ಒಬ್ಬನೇ ಬಂದು ನಮ್ಮೆದುರು ಕುಳಿತ. “ಫಾದರ್, ನನಗ ತಿಂಗಳ ಲೆಕ್ಕ ಯಾರೂ ಹೇಳಿದ್ದಿಲ್ಲರಿ. ಹೇಳಿದ್ರ ನಾ ಒಬ್ಬನೇ ಹೋಗ್ತಿದ್ದೆ” ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ಹೇಳಬೇಕಾದವರಲ್ಲಿ ನಾವೂ ಇದ್ದೆವು. ಈ ಲೇಖನವನ್ನು ಬರೆಯುತ್ತಿರುವುದು ಆ ಋಣದಿಂದ.

“ನಮ್ಮ ಕಾಲದಾಗ ಹೊಲದಾಗ ಹಡೆದು, ಕೂಸಿನ ಬುಟ್ಟ್ಯಾಗ ಹಾಕ್ಕೊಂಡು ಮನಿಗಿ ಬಂದೀವಿ” ಎಂದು ಹಿರಿಯ ತಾಯಂದಿರು ಹೇಳುವುದುಂಟು. ಅವರ ಗಟ್ಟಿತನಕ್ಕೆ ನಮ್ಮ ನಮಸ್ಕಾರ. ಆದರೆ ಹಾಗೆ ಹಡೆದು ಸತ್ತವರು ತಮ್ಮ ಕಥೆ ಹೇಳಲು ಉಳಿದಿಲ್ಲ ಎಂಬುದನ್ನು ಮರೆಯಬಾರದು. 1997–98ರಲ್ಲಿ ನಮ್ಮ ದೇಶದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 398 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 97ಕ್ಕೆ ಇಳಿಯಿತು. ಈ ಇಳಿಕೆ ತಾನಾಗಿ ಆದದ್ದಲ್ಲ. ಬಸುರಿಯರ ತಪಾಸಣೆ, ಆಸ್ಪತ್ರೆಯ ಹೆರಿಗೆ, ಸಮಯಕ್ಕೆ ಸಿಕ್ಕ ರಕ್ತ ಮತ್ತು ವಾಹನ ಇವೆಲ್ಲ ಕೂಡಿ ಆದದ್ದು. ಊರು ಬಿಟ್ಟು ಗುಡಿಸಲಿಗೆ ಹೋದ ಹುಡುಗಿಗೆ ಇವುಗಳಲ್ಲಿ ಒಂದೂ ಸುಲಭವಾಗಿ ಸಿಗುವುದಿಲ್ಲ. ಊರಿನ ಆಶಾ ಕಾರ್ಯಕರ್ತೆಯ ವಹಿಯಲ್ಲಿ ಆಕೆಯ ಹೆಸರಿರುತ್ತದೆ, ಆಕೆ ಇರುವುದಿಲ್ಲ.

ಬಸುರಿಯೆಂದು ಮೂಲೆಯಲ್ಲಿ ಕೂಡಿಸಬೇಕೆಂದು ನಾವು ಹೇಳುತ್ತಿಲ್ಲ. ತೊಂದರೆಯಿಲ್ಲದ ಬಸಿರಿನಲ್ಲಿ ನಡೆಯುವುದು, ಮನೆಗೆಲಸ, ಹಗುರವಾದ ಹೊಲಗೆಲಸ ಮೈಗೆ ಒಳ್ಳೆಯದೇ. ಕೆಡುಕು ಇರುವುದು ಭಾರ ಹೊರುವುದರಲ್ಲಿ, ನಿದ್ದೆಗೆಡುವುದರಲ್ಲಿ, ಹೊಟ್ಟೆಗೆ ಸಾಲದಿರುವುದರಲ್ಲಿ. ಬೆಳೆಗೆ ಔಷಧ ಹೊಡೆಯುವ ಕೆಲಸದಿಂದಲೂ ಆಕೆಯನ್ನು ದೂರವಿಡಿರಿ. ಔಷಧ ಹೊಡೆದು ಬಂದ ಗಂಡ ತನ್ನ ಬಟ್ಟೆಯನ್ನು ತಾನೇ ಬೇರೆಯಾಗಿ ಒಗೆದುಕೊಳ್ಳಲಿ.

ಇದೇ ಕಬ್ಬಿನ ಕೆಲಸದ ಇನ್ನೊಂದು ಕಹಿ ಫಲವನ್ನು 2019ರಲ್ಲಿ ಬೀಡ ಜಿಲ್ಲೆ ಕಂಡಿತು. ಕಬ್ಬು ಕಡಿಯುವ ಸಾವಿರಾರು ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡಿರುವುದು ಬೆಳಕಿಗೆ ಬಂದು, ಸರಕಾರವು ವಿಚಾರಣೆಗೆ ಸಮಿತಿ ನೇಮಿಸಬೇಕಾಯಿತು. ಪೂರ್ತಿ ಕೊಯ್ತಾ ಆಗಲೆಂದು ಹದಿನೆಂಟು ತುಂಬುವ ಮೊದಲೇ ಹುಡುಗಿಯರಿಗೆ ಮದುವೆ ಮಾಡುವುದೂ ನಮ್ಮ ಮರಾಠವಾಡದಲ್ಲಿ ನಡೆದಿದೆ. ಅದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಮೈ ಇನ್ನೂ ಬೆಳೆಯುತ್ತಿರುವ ಹುಡುಗಿಗೆ ಬಸಿರು ದುಪ್ಪಟ್ಟು ಅಪಾಯ ತರುತ್ತದೆ. ಎಳೆಗರುವನ್ನು ನೊಗಕ್ಕೆ ಹೂಡದ ರೈತ ಮಗಳನ್ನು ಮಾತ್ರ ಹೂಡುವುದು ಯಾವ ನ್ಯಾಯ?

ಹಾಗಾದರೆ ಏನು ಮಾಡಬೇಕು? ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಉಚಲ್ ಹಿಡಿಯುವ ಮೊದಲು ಗಂಡಹೆಂಡಿರು ಕೂಡಿ ತಿಂಗಳು ಎಣಿಸಬೇಕು. ಹೆರಿಗೆ ಹಂಗಾಮಿನೊಳಗೆ ಬೀಳುವುದಾದರೆ ಆ ವರ್ಷ ಹೆಂಡತಿ ಊರಲ್ಲಿರಲಿ, ಗಂಡ ಅರ್ಧ ಕೊಯ್ತಾ ಆಗಿಯೋ ತಮ್ಮನೊಡನೆಯೋ ಹೋಗಲಿ. ಇದರಿಂದ ಆದಾಯ ಕಡಿಮೆಯಾಗುವುದು ನಿಜ. ಮೊದಲ ಹೆರಿಗೆಗೆ ಅರ್ಹ ಕುಟುಂಬಗಳಿಗೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಿಂದ ಬರುವ 5,000 ರೂಪಾಯಿ ಒಂದು ಹಂಗಾಮಿನ ದುಡಿಮೆಗೆ ಸಮವಲ್ಲವೆಂಬುದೂ ನಿಜ. ಕಾರ್ಖಾನೆಗಳು ಮತ್ತು ಸರಕಾರ ಈ ಕೊರತೆಯನ್ನು ತುಂಬಬೇಕೆಂದು ನಾವು ಕೇಳಲೇಬೇಕು. ಆದರೆ ಅಲ್ಲಿಯವರೆಗೆ ಬಸಿರು ಕಾಯುವುದಿಲ್ಲ. ಮನೆಯ ಹಿರಿಯರು, ಮಹಿಳೆಯರ ಸ್ವಸಹಾಯ ಸಂಘಗಳು, ನೆರೆಹೊರೆಯವರು ಆ ಕೆಲವು ತಿಂಗಳ ಹೊರೆಗೆ ಹೆಗಲು ಕೊಡಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪವಾದಾಗ, ಯಾರ ಮನೆ ಎಂದು ಕೇಳದೆ ಕಲ್ಲುಮಣ್ಣು ತೆಗೆದ ಜನ ನಾವು. ಒಂದು ಬಸುರಿಯ ಕಾಳುಕಡಿ ನಮಗೆ ಭಾರವಾಗುವುದೇ?

ಗಂಡಂದಿರಿಗೆ ಒಂದು ಮಾತು. ಗದ್ದೆಯಲ್ಲಿ ನೀವಿಬ್ಬರೂ ಒಂದೇ ಕೊಯ್ತಾ. ದವಾಖಾನೆಗೆ ಹೋಗುವಾಗ ಮಾತ್ರ ಆಕೆಯನ್ನು ಒಂಟಿಯಾಗಿ ಕಳುಹಿಸುವಿರೇಕೆ? ಮೂರು ತಿಂಗಳು ತುಂಬುವ ಮೊದಲೇ ಹೆಸರು ನೋಂದಾಯಿಸಿರಿ. ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆದಿರುವ ಯೋಜನೆ ಇದು. ಜೊತೆಗೆ ಹೋಗಿ, “ರಕ್ತ ಎಷ್ಟಿದೆ, ಬಿ.ಪಿ. ಎಷ್ಟಿದೆ” ಎಂದು ನೀವೇ ಕೇಳಿರಿ. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ಅಪಾಯ. 2019–21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕಬ್ಬಿಣಾಂಶದ ಗುಳಿಗೆ, ಒಟ್ಟು 180 ಆದರೂ ಆಕೆಯ ಹೊಟ್ಟೆ ಸೇರಬೇಕು. ಚಹಾದ ಜೊತೆ ಬೇಡ, ಸುಣ್ಣಾಂಶದ ಗುಳಿಗೆಯ ಜೊತೆಯೂ ಬೇಡ. ಮಲ ಕಪ್ಪಾದರೆ ಹೆದರಿ ಬಿಡಬೇಡಿರಿ, ಅದು ಸಹಜ.

ಅತ್ತೆಯಂದಿರಿಗೂ ಒಂದು ಮಾತು. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಸೊಸೆ ಉಣ್ಣುವ ಪದ್ಧತಿಯನ್ನು ಈ ಒಂಬತ್ತು ತಿಂಗಳಾದರೂ ಬಿಡಿರಿ. ಹೆಚ್ಚು ಉಂಡರೆ ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆಂದು ಅರೆಹೊಟ್ಟೆಯಲ್ಲಿ ಇಡಬೇಡಿರಿ. ಜೋಳದ ರೊಟ್ಟಿ, ತೊಗರಿಬೇಳೆ, ಮೆಂತ್ಯ, ಪುಂಡಿಪಲ್ಯ, ನುಗ್ಗೆಸೊಪ್ಪು, ಶೇಂಗಾ, ಅನುಕೂಲವಿದ್ದರೆ ಹಾಲು, ಮೊಟ್ಟೆ, ಇವೇ ಆಕೆಯ ಟಾನಿಕ್. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ಲಿಂಬೆ ನೆಟ್ಟರೆ ಖರ್ಚಿಲ್ಲದೆ ಮನೆಗೆ ಸೊಪ್ಪೂ ಹುಳಿಯೂ ಸಿಗುತ್ತವೆ. ಕುಬಸದ ದಿನ ಊರಿಗೆಲ್ಲ ಉಣಬಡಿಸುವ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಹೆರಿಗೆಗೆ ಇಡುವುದು ಜಾಣತನ. ಇನ್ನು ಹುಟ್ಟುವುದು ಗಂಡೋ ಹೆಣ್ಣೋ ಎಂದು ಸೊಸೆಯನ್ನು ಪೀಡಿಸಬೇಡಿರಿ. ಅದು ತಂದೆಯ ಬೀಜದಿಂದ ನಿರ್ಧಾರವಾಗುವುದೆಂದು ವಿಜ್ಞಾನ ಹೇಳುತ್ತದೆ. ತೊಗರಿ ಬಿತ್ತಿ ಜೋಳ ಬರಲಿಲ್ಲವೆಂದು ಯಾವ ರೈತನೂ ಹೊಲವನ್ನು ಬೈಯುವುದಿಲ್ಲ.

ಎಲ್ಲರೂ ಬಾಯಿಪಾಠ ಮಾಡಬೇಕಾದ ಅಪಾಯದ ಗುರುತುಗಳು ಇವು: ರಕ್ತ ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಬಾಯುವುದು, ಪಿಟ್ಸ್, ಜ್ವರ, ಹೊತ್ತಿಗೆ ಮುಂಚೆ ನೀರು ಹೋಗುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿರಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅದೇ ಸಂಖ್ಯೆ. ಮೊದಲ ಹೆರಿಗೆಗೆ ಆಳಂದ, ಬಸವಕಲ್ಯಾಣ, ಭಾಲ್ಕಿಯ ತವರಿಗೆ ಹೋಗುವವರು ಇಲ್ಲಿಯ ತಾಯಿ ಕಾರ್ಡನ್ನು ತಪ್ಪದೆ ಒಯ್ಯಬೇಕು. ಗಡಿ ದಾಟಿದರೂ ಅದರಲ್ಲಿ ಬರೆದ ರಕ್ತದ ಗುಂಪು, ಬಿ.ಪಿ. ಬದಲಾಗುವುದಿಲ್ಲ. ಮರಾಠಿ ಬಾರದ ಸೊಸೆಗೆ ಈ ಗುರುತುಗಳನ್ನು ಮರಾಠಿಯಲ್ಲಿ ಹೇಳಲು ಕಲಿಸುವುದು ಗಂಡನ ಕೆಲಸ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಮನೆಗಳಲ್ಲಿ ಕನ್ನಡ ಆಡುವವರು ಬಹಳ, ಮರಾಠಿ ಶಾಲೆ ಕಲಿತದ್ದರಿಂದ ಕನ್ನಡ ಓದುವವರು ಕಡಿಮೆ. ಆದುದರಿಂದ ಈ ಪುಟವನ್ನು ಓದಿ ಮಡಚಿಡದೆ, ಈ ವರ್ಷ ಮದುವೆಯಾದ ಜೋಡಿ ನಿಮ್ಮ ಓಣಿಯಲ್ಲಿ ಎಲ್ಲಿದ್ದರೂ, ಯಾವ ಜಾತಿ ಮತದವರಾಗಿದ್ದರೂ, ಅವರ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿರಿ. ಮುಕಾದಮ್ ಅವರ ಬಾಗಿಲಿಗೆ ಬರುವ ಮೊದಲು ನೀವು ಹೋಗಿರಿ.