ಹಿರಿಯರ ಕೈಗೆ ಟ್ಯಾಬೋ, ಲ್ಯಾಪ್‌ಟಾಪೋ?

ಕುಟುಂಬದ ಒಡೆತನದ ಅಂಗಡಿ, ಮಂಡಿ ಹಾಗೂ ಸಣ್ಣ ಘಟಕಗಳಲ್ಲಿ ಒಂದು ಸಾಮಾನ್ಯ ಸ್ಥಿತಿಯನ್ನು ಕಾಣಬಹುದು. ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಹಿರಿಯರು ಎಪ್ಪತ್ತು ದಾಟಿದ್ದರೂ ನೋಂದಣಿ ಪತ್ರದಲ್ಲಿ, ಬ್ಯಾಂಕ್ ಖಾತೆಯಲ್ಲಿ ಹಾಗೂ ಸಾಲದ ಕರಾರಿನಲ್ಲಿ ಅವರ ಹೆಸರೇ ಇರುತ್ತದೆ. ನಿತ್ಯದ ವಹಿವಾಟನ್ನು ಮಕ್ಕಳು ನಡೆಸುತ್ತಾರೆ. ಕಿರ್ದಿ, ಖಾತಾವಣಿಗಳ ಕಾಲದಲ್ಲಿ ಇದರಿಂದ ತೊಡಕಾಗುತ್ತಿರಲಿಲ್ಲ. ಮಗ ಬರೆಯುತ್ತಿದ್ದ, ತಂದೆ ಸಂಜೆ ಪುಸ್ತಕ ತೆರೆದು ನೋಡಿ ಚೆಕ್ಕಿಗೆ ಸಹಿ ಹಾಕುತ್ತಿದ್ದರು. ಲೆಕ್ಕ ಗಣಕಯಂತ್ರದೊಳಗೆ ಸೇರಿ, ಸಹಿಯ ಸ್ಥಾನಕ್ಕೆ ಒಟಿಪಿ ಬಂದ ಮೇಲೆ ಹಿರಿಯರು ತಮ್ಮ ಹೆಸರಿನ ವ್ಯವಹಾರವನ್ನು ತಾವೇ ಕಾಣಲಾರದಂತಾಗಿದೆ. ಆದಕಾರಣ ತಂದೆ-ತಾಯಿಗೆ ಯಾವ ಸಾಧನ ಕೊಡಿಸಬೇಕೆಂಬ ಪ್ರಶ್ನೆಯನ್ನು ಸಂಸ್ಥೆಯ ಆಂತರಿಕ ನಿಯಂತ್ರಣದ ದೃಷ್ಟಿಯಿಂದಲೂ ನೋಡುವುದು ಅಗತ್ಯ.

ಬರೆಯುವವರು ಯಾರು, ನೋಡುವವರು ಯಾರು?

ಬೆಲೆ, ಪರದೆಯ ಅಳತೆಗಳನ್ನು ವಿಚಾರಿಸುವ ಮೊದಲು ಹಿರಿಯರು ಮಾಡಲಿರುವ ಕೆಲಸವನ್ನು ನಿರ್ಧರಿಸಿಕೊಳ್ಳಬೇಕು. ಅವರೇ ಬಿಲ್ಲು, ವೋಚರುಗಳನ್ನು ನಮೂದಿಸುವುದಾದರೆ ಕೀಲಿಮಣೆ ಬೇಕು. ಟ್ಯಾಲಿಯಂತಹ ಲೆಕ್ಕದ ತಂತ್ರಾಂಶ ನಡೆಯುವುದು ವಿಂಡೋಸ್ ಗಣಕದಲ್ಲಿ. ಅಲ್ಲಿ ಲ್ಯಾಪ್‌ಟಾಪ್ ಅನಿವಾರ್ಯ. ಹಲವು ವರ್ಷ ಗಣಕದಲ್ಲೇ ಲೆಕ್ಕ ಬರೆದು ರೂಢಿಯಾದವರ ಮೇಲೆ ಟ್ಯಾಬ್ ಹೇರುವುದೂ ಸರಿಯಲ್ಲ.

ಬಹುತೇಕ ಹಿರಿಯರ ಅಗತ್ಯ ಬೇರೆ. ದಿನದ ಮಾರಾಟ, ಬಾಕಿದಾರರ ಪಟ್ಟಿ, ದಾಸ್ತಾನು ಮತ್ತು ಬ್ಯಾಂಕಿನ ವಿವರಗಳನ್ನು ಅವರು ಓದಬೇಕು, ಪ್ರಶ್ನಿಸಬೇಕು. ಇದಕ್ಕೆ ಟ್ಯಾಬ್ ಸಾಕು. ಪುಸ್ತಕದಂತೆ ಕೈಯಲ್ಲಿ ಹಿಡಿಯಬಹುದು. ಎರಡು ಬೆರಳಿನಿಂದ ಅಕ್ಷರಗಳನ್ನು ಹಿಗ್ಗಿಸಬಹುದು. ಕನ್ನಡದಲ್ಲಿ ಮಾತನಾಡಿಯೇ ಟೈಪ್ ಮಾಡಿಸಬಹುದು. ಕೈ ನಡುಗುವವರಿಗೆ, ಕಣ್ಣಿನ ಪೊರೆಯಿಂದ ಬಳಲುವವರಿಗೆ ಮೌಸಿನ ಸಣ್ಣ ಬಾಣವನ್ನು ಹಿಂಬಾಲಿಸುವ ಕಷ್ಟ ತಪ್ಪುತ್ತದೆ.

ಟ್ಯಾಬಿನ ಮಿತಿಯೇ ಅದರ ರಕ್ಷಣೆ

ಕಂಪನಿ ಹಾಗೂ ಎಲ್‌ಎಲ್‌ಪಿಗಳ ಜಿಎಸ್‌ಟಿ ವಿವರಪಟ್ಟಿಗೆ ಡಿಜಿಟಲ್ ಸಹಿ ಕಡ್ಡಾಯ. ಆ ಯುಎಸ್‌ಬಿ ಟೋಕನ್ ಬಳಸಲು ಗಣಕ ಬೇಕೇ ಬೇಕು, ಟ್ಯಾಬನ್ನು ನೆಚ್ಚಿಕೊಳ್ಳುವಂತಿಲ್ಲ. ಏಕಮಾಲೀಕತ್ವ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಸಾಕಾಗುತ್ತದೆ. ಯುಪಿಐ ಕೂಡ ಬ್ಯಾಂಕಿನಲ್ಲಿ ನೋಂದಾಯಿತವಾದ ಸಿಮ್ಮಿಗೆ ಬದ್ಧವಾಗಿರುತ್ತದೆ. ಹೀಗಾಗಿ ಸಿಮ್ ಇಲ್ಲದ, ಬ್ಯಾಂಕಿನ ಗುಪ್ತಪದಗಳನ್ನು ಉಳಿಸದ ಟ್ಯಾಬನ್ನು ಓದುವುದಕ್ಕೆಂದೇ ಮೀಸಲಿಟ್ಟರೆ ಎಲ್ಲಿ ಬೆರಳು ತಾಗಿದರೂ ಹಣ ಹೋಗುವ ಭಯವಿರುವುದಿಲ್ಲ. ನಮೂದಿಗೆ ಲ್ಯಾಪ್‌ಟಾಪ್, ಓದಿಗೆ ಟ್ಯಾಬ್, ಒಪ್ಪಿಗೆಗೆ ಹಿರಿಯರ ಸ್ವಂತ ಮೊಬೈಲ್ ಎಂಬ ವಿಂಗಡಣೆ ಹೆಚ್ಚಿನ ಸಣ್ಣ ಸಂಸ್ಥೆಗಳಿಗೆ ಹೊಂದುತ್ತದೆ.

ಮಗ ಹೊಸದನ್ನು ಕೊಂಡು ಹಳೆಯ ಲ್ಯಾಪ್‌ಟಾಪನ್ನು ತಂದೆಗೆ ದಾಟಿಸುವ ಪದ್ಧತಿಯನ್ನು ಬಿಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅಗ್ಗದ ಟ್ಯಾಬ್ ಕೊಳ್ಳುವಾಗಲೂ ಎಷ್ಟು ವರ್ಷ ಸುರಕ್ಷತಾ ಪರಿಷ್ಕರಣೆ ದೊರೆಯುವುದೆಂದು ಕೇಳಬೇಕು. ಎರಡು ಸಾಧನಗಳಿಗೂ ಜಿಎಸ್‌ಟಿ ಶೇ. 18, ವ್ಯವಹಾರಕ್ಕೆ ಬಳಸಿದರೆ ಮಾತ್ರ ಹೂಡುವಳಿ ತೆರಿಗೆ ಜಮೆ ಲಭ್ಯ. ಮನೆಯಲ್ಲಿ ಭಜನೆ ಕೇಳಲು ಕೊಂಡ ಟ್ಯಾಬನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸಲಾಗದು.

ಸಹಾಯದ ಹೆಸರಿನಲ್ಲಿ ಅಧಿಕಾರದ ಹಸ್ತಾಂತರ

ಸಾಧನಕ್ಕಿಂತ ಗಂಭೀರವಾದ ವಿಷಯ ಗುಪ್ತಪದಗಳದು. ತಂದೆಗೆ ತೊಂದರೆ ಬೇಡವೆಂದು ಮಗ ತನ್ನ ಮೊಬೈಲ್ ಸಂಖ್ಯೆಯನ್ನೇ ನೋಂದಾಯಿಸುತ್ತಾನೆ. ಡಿಜಿಟಲ್ ಸಹಿಯ ಟೋಕನ್ ಲೆಕ್ಕಪರಿಶೋಧಕರ ಮೇಜಿನ ಖಾನೆಯಲ್ಲಿ ಉಳಿಯುತ್ತದೆ. ಇದಕ್ಕೆ ಕಾರಣವಿಲ್ಲದಿಲ್ಲ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಹಾಗೂ ಇ-ಇನ್‌ವಾಯ್ಸ್ ಜಾಲತಾಣಗಳ ಪ್ರವೇಶಕ್ಕೆ ಎಲ್ಲ ತೆರಿಗೆದಾರರಿಗೂ ಒಟಿಪಿ ಕಡ್ಡಾಯವಾಯಿತು. ರಾತ್ರಿ ಹತ್ತು ಗಂಟೆಗೆ ಲಾರಿ ಬಾಗಿಲಲ್ಲಿ ನಿಂತಿರುವಾಗ ಮಲಗಿದ ತಂದೆಯನ್ನು ಎಬ್ಬಿಸಿ ಒಟಿಪಿ ಕೇಳುವುದು ಯಾರಿಗೂ ಹಿತವಲ್ಲ.

ಆದರೆ ಹೊಣೆ ಮಾತ್ರ ವರ್ಗಾವಣೆಯಾಗುವುದಿಲ್ಲ. ತಪ್ಪು ವಿವರಪಟ್ಟಿ ಸಲ್ಲಿಕೆಯಾದರೆ ನೋಟೀಸು ಬರುವುದು ನೋಂದಣಿಯಲ್ಲಿರುವ ಹೆಸರಿಗೆ. ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ಸಹಿದಾರರೇ ತಮ್ಮ ನಿಯಂತ್ರಣದಲ್ಲಿ ಕಾಪಾಡಿಕೊಳ್ಳಬೇಕೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 42ನೇ ಕಲಮು ವಿಧಿಸುತ್ತದೆ. ಗ್ರಾಹಕರು ಗುಪ್ತ ವಿವರಗಳನ್ನು ಇತರರಿಗೆ ಕೊಟ್ಟು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ಣ ನಷ್ಟ ಅವರದೇ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತ್ತು. ಮುಂದೆ ಅಣ್ಣ-ತಮ್ಮಂದಿರು ಪಾಲಾಗುವ ದಿನ ಯಾವ ಪಾವತಿಯನ್ನು ಯಾರು ಒಪ್ಪಿದರೆಂದು ತೋರಿಸಲು ಯಾವ ದಾಖಲೆಯೂ ಉಳಿದಿರುವುದಿಲ್ಲ.

ಇದಕ್ಕೆ ಪರಿಹಾರ ವ್ಯವಸ್ಥೆಯೊಳಗೇ ಇದೆ. ಇ-ವೇ ಬಿಲ್ ತಾಣದಲ್ಲಿ ಮಗನಿಗೂ ಗುಮಾಸ್ತರಿಗೂ ಪ್ರತ್ಯೇಕ ಉಪ-ಬಳಕೆದಾರ ಖಾತೆ ತೆರೆಯಬಹುದು. ಅವರ ಒಟಿಪಿ ಅವರವರ ಮೊಬೈಲಿಗೆ ಬರುತ್ತದೆ. ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ಅಧಿಕೃತ ಸಹಿದಾರರನ್ನು ಸೇರಿಸಬಹುದು. ಒಬ್ಬರು ಪಾವತಿಯನ್ನು ನಮೂದಿಸಿ ಇನ್ನೊಬ್ಬರು ಅನುಮೋದಿಸುವ ಮೇಕರ್-ಚೆಕರ್ ಸೌಲಭ್ಯವನ್ನು ವ್ಯವಹಾರ ಖಾತೆಗೆ ಬ್ಯಾಂಕಿನಿಂದ ಕೇಳಿ ಪಡೆಯಬೇಕು. ಮನೆಖರ್ಚಿನ ಪಾವತಿಗಳಿಗೆ 2024ರಲ್ಲಿ ಬಂದ ಯುಪಿಐ ಸರ್ಕಲ್ ನೆರವಾಗುತ್ತದೆ. ಹೀಗೆ ಮಾಡಿದರೆ ಮಗ ಬರೆಯುವ, ತಂದೆ ನೋಡಿ ಒಪ್ಪುವ ಹಳೆಯ ಕ್ರಮವೇ ಹೊಸ ಸಾಧನಗಳಲ್ಲಿ ಮುಂದುವರಿಯುತ್ತದೆ.

ತಡ ಮಾಡಬಾರದ ಕೆಲಸ

ಹಿರಿಯರಿಗೆ ನೋಡಿ ಒಪ್ಪುವ ಶಕ್ತಿಯೂ ಕುಂದುತ್ತಿದ್ದರೆ ಸಹಿದಾರರ ಬದಲಾವಣೆ, ಪಾಲುದಾರಿಕೆ ಪತ್ರದ ತಿದ್ದುಪಡಿ, ನಾಮನಿರ್ದೇಶನಗಳನ್ನು ಅವರು ತಿಳಿದು ಸಹಿ ಹಾಕಬಲ್ಲ ಕಾಲದಲ್ಲೇ ಮುಗಿಸಬೇಕು. ಮುಖ್ತ್ಯಾರನಾಮೆ ಇದೆಯೆಂದು ಧೈರ್ಯವಾಗಿರುವವರು ಭಾರತೀಯ ಕರಾರು ಕಾಯ್ದೆಯ 201ನೇ ಕಲಮನ್ನು ಗಮನಿಸಬೇಕು. ಅಧಿಕಾರ ಕೊಟ್ಟವರು ಮರಣ ಹೊಂದಿದರೆ ಅಥವಾ ಮಾನಸಿಕ ಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರ ಕೊನೆಗೊಳ್ಳುತ್ತದೆ. ಅದು ಅತ್ಯಂತ ಅಗತ್ಯವಾದ ಹೊತ್ತಿಗೇ ಇಲ್ಲವಾಗುತ್ತದೆ.

ಮೋಸಗಾರರ ವಿಷಯದಲ್ಲಿ ಮನೆಯವರೆಲ್ಲರಿಗೂ ಒಂದು ನಿಯಮವಿರಲಿ. ಪೊಲೀಸರೆಂದೋ ಬ್ಯಾಂಕಿನವರೆಂದೋ ಕರೆ ಬಂದರೆ ಕರೆ ಕಡಿದು ಮಕ್ಕಳಿಗೆ ತಿಳಿಸುವುದು, ಪರದೆಯನ್ನು ಯಾರಿಗೂ ತೋರಿಸದಿರುವುದು, ಹಣ ಹೋಗಿದ್ದರೆ ತಕ್ಷಣ 1930ಕ್ಕೆ ದೂರು ಕೊಡುವುದು. ‘ಡಿಜಿಟಲ್ ಅರೆಸ್ಟ್’ ಎಂಬ ಕ್ರಮ ಕಾನೂನಿನಲ್ಲಿ ಇಲ್ಲವೆಂದು ಪ್ರಧಾನಿಯವರೇ 2024ರ ಅಕ್ಟೋಬರ್ 27ರಂದು ಆಕಾಶವಾಣಿಯಲ್ಲಿ ಎಚ್ಚರಿಸಿದ್ದರು.

ವಾಣಿಜ್ಯ ಸಂಸ್ಥೆಗಳು ಹಿರಿಯ ಸದಸ್ಯರಿಗಾಗಿ ಕನ್ನಡದಲ್ಲಿ, ಅವರ ವೇಗಕ್ಕೆ ತಕ್ಕ ತರಗತಿಗಳನ್ನು ನಡೆಸುವುದು ಸೂಕ್ತ. ಮಕ್ಕಳು ವಾರಕ್ಕೊಮ್ಮೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು, ತಾವು ಕೈ ಹಾಕದೆ, ಹಿರಿಯರ ಬೆರಳಿನಿಂದಲೇ ಬಾಕಿದಾರರ ಪಟ್ಟಿ ತೆರೆಸಬೇಕು. ಯಾವ ಗಿರಾಕಿಗೆ ಎಷ್ಟು ಉದ್ದರಿ ಕೊಡಬಹುದೆಂಬ ಅವರ ತಿಳಿವಳಿಕೆ ಸಂಸ್ಥೆಯ ಆಸ್ತಿ. ಕೊಳ್ಳುವ ಸಾಧನ ಯಾವುದೇ ಆಗಲಿ, ಆ ತಿಳಿವಳಿಕೆ ಲೆಕ್ಕದಿಂದ ದೂರವಾಗದಂತೆ ನೋಡಿಕೊಳ್ಳುವುದು ಮಕ್ಕಳ ಕರ್ತವ್ಯ.