ಕುಡಿತ ಬಿಡಿಸುವ ಕೇಂದ್ರ: ಸಲಹೆಗಾರನೇ ಇಲ್ಲದಿದ್ದರೆ?

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಶನಿವಾರ ಬಂತೆಂದರೆ ವಾರದ ಕೂಲಿ ಕೈಗೆ ಬರುತ್ತದೆ. ಅದೇ ಸಂಜೆ ಟಾಸ್ಮಾಕ್ ಅಂಗಡಿ ಮುಂದೆ ಸಾಲು ಬೆಳೆಯುತ್ತದೆ. ಪಲ್ಲಡಂ, ಸೋಮನೂರಿನ ಪವರ್‌ಲೂಮ್ ಊರುಗಳಲ್ಲೂ, ಕನ್ನಡ ಮಾತಾಡುವ ನೇಕಾರರಿರುವ ಸಿರುಮುಗೈ ಕಡೆಯೂ ಇದು ಹೊಸ ಸುದ್ದಿಯೇನಲ್ಲ. ತಮಿಳುನಾಡಿನಲ್ಲಿ ಚಿಲ್ಲರೆ ಮದ್ಯ ಮಾರಾಟ ಪೂರ್ತಿಯಾಗಿ ಸರ್ಕಾರಿ ನಿಗಮದ ಕೈಗೆ ಬಂದದ್ದು 2003ರಲ್ಲಿ. 2024-25ರಲ್ಲಿ ಅದರಿಂದ ಬಂದ ಆದಾಯ 48 ಸಾವಿರ ಕೋಟಿ ರೂಪಾಯಿಗೂ ಹೆಚ್ಚು.

ಜನರ ಸಿಟ್ಟೆಲ್ಲ ಅಂಗಡಿಯ ಮೇಲೆ. 2017ರ ಏಪ್ರಿಲ್‌ನಲ್ಲಿ ತಿರುಪ್ಪೂರು ಜಿಲ್ಲೆಯ ಸಾಮಳಾಪುರಂನಲ್ಲಿ ಮದ್ಯದಂಗಡಿ ಬೇಡವೆಂದು ರಸ್ತೆಗಿಳಿದ ಹೆಂಗಸೊಬ್ಬರ ಕೆನ್ನೆಗೆ ಪೊಲೀಸ್ ಅಧಿಕಾರಿ ಹೊಡೆದದ್ದು ದೇಶವೆಲ್ಲ ನೋಡಿದ ಚಿತ್ರ. 2023ರ ಜೂನ್‌ನಲ್ಲಿ ಸರ್ಕಾರ 500 ಅಂಗಡಿ ಮುಚ್ಚಿತು. ಸರಿ, ಅಂಗಡಿ ಮುಚ್ಚಿದರೂ ಆಗಲೇ ಕುಡಿತಕ್ಕೆ ಬಿದ್ದವನ ಗತಿ ಏನು? ಈ ಪ್ರಶ್ನೆ ಕೇಳುವವರು ಕಡಿಮೆ. 2019ರ ಫೆಬ್ರವರಿಯಲ್ಲಿ ಹೊರಬಂದ ಏಮ್ಸ್ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಆ ಒಬ್ಬ ಸೇರುವ ವಸತಿ ಕೇಂದ್ರದಲ್ಲಿ ನಡೆಯುವುದೇನು? ಮೊದಲ ವಾರ ವೈದ್ಯರದು. ದಿನಾ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ದೆಗೇಡು. ಕೆಲವರಿಗೆ ಎರಡು ಮೂರು ದಿನದೊಳಗೆ ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ. ಪ್ರಾಣಕ್ಕೇ ಅಪಾಯವಿರುವುದರಿಂದ ಮಾತ್ರೆ, ವಿಟಮಿನ್ ಬಿ-1, ಹಗಲೂ ರಾತ್ರಿ ನಿಗಾ ಬೇಕು. ಮೈ ಸುಧಾರಿಸಿದ್ದನ್ನು ನೋಡಿದ ಮನೆಯವರು "ವಾಸಿಯಾಯಿತು, ಕರೆದುಕೊಂಡು ಹೋಗುತ್ತೇವೆ" ಎನ್ನುತ್ತಾರೆ. ಆಪ್ತಸಲಹೆಗಾರನ ಕೆಲಸ ಶುರುವಾಗುವುದೇ ಅಲ್ಲಿಂದ.

ಬುದ್ಧಿ ಹೇಳುವುದು ಈ ಕೆಲಸವಲ್ಲ. ಬುದ್ಧಿ ಹೇಳುವವರು ಊರಲ್ಲೇ ಬೇಕಾದಷ್ಟು ಜನ ಇದ್ದಾರೆ. ಯಾವ ಹೊತ್ತಿಗೆ ಕುಡಿಯಬೇಕೆನಿಸುತ್ತದೆ, ಜೊತೆಗಿರುವವರು ಯಾರು, ಕೂಲಿ ಹಣ ಯಾರ ಕೈ ಸೇರುತ್ತದೆ, ಶನಿವಾರ ಸಂಜೆ ಯಾವ ದಾರಿಯಲ್ಲಿ ಮನೆಗೆ ಬರಬೇಕು ಎಂಬುದನ್ನೆಲ್ಲ ಅವನ ಬಾಯಿಂದಲೇ ಹೊರಡಿಸಿ, ಅವನಿಂದಲೇ ಉಪಾಯ ಹುಡುಕಿಸುವುದು. ಹೆಂಡತಿ, ತಾಯಿಯನ್ನು ಬೇರೆಯಾಗಿ ಕೂರಿಸಿ ಕೇಳುವುದು. ವರ್ಷಗಟ್ಟಲೆ ಏಟು, ಸಾಲ, ಅವಮಾನ ಉಂಡವರಿಗೂ ಆಸರೆ ಬೇಕಲ್ಲ. ಮನೆಗೆ ಹೋದವನು ಮತ್ತೆ ಕುಡಿದು ಬಂದರೆ ಬಯ್ಯದೆ ಮೊದಲಿಂದ ಶುರುಮಾಡುವುದು. ಮರಳಿ ಕುಡಿಯುವುದು ಈ ಕಾಯಿಲೆಯ ಗುಣ, ನಂಬಿಕೆದ್ರೋಹವಲ್ಲ ಎಂದು ಮನೆಯವರಿಗೆ ಒಪ್ಪಿಸುವುದೇ ಕಷ್ಟ.

ಗಂಡನನ್ನು ಕುಡಿತದಿಂದ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈನಲ್ಲಿ ಟಿ.ಟಿ. ರಂಗನಾಥನ್ ಸಂಸ್ಥೆ ಆರಂಭಿಸಿ, ಚಿಕಿತ್ಸೆಯಲ್ಲಿ ಸಲಹೆಗೂ ಕುಟುಂಬಕ್ಕೂ ಜಾಗ ಕೊಟ್ಟರು. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಕೇಂದ್ರ ಸರ್ಕಾರದ ನೆರವಿನ ಪುನರ್ವಸತಿ ಕೇಂದ್ರಗಳಲ್ಲಿ ಸಲಹೆಗಾರನಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅನುಭವಿ ಸಲಹೆಗಾರ ಬಿಟ್ಟುಹೋದರೆ ಅವನೆದುರು ಬಾಯಿಬಿಟ್ಟಿದ್ದ ರೋಗಿ ಹೊಸಬನ ಮುಂದೆ ಮತ್ತೆ ಮೊದಲಿಂದ ಕಥೆ ಹೇಳಬೇಕು.

ಭಾಷೆಯ ಮಾತೂ ಇದೆ. ಗಡಿ ಊರಿನವರಿಗೆ ಕೆಲಸದ ಕಡೆ ತಮಿಳು, ಮನೆಯೊಳಗೆ ಕನ್ನಡ. ಮೇಸ್ತ್ರಿಯ ಜೊತೆ ಜಗಳವಾಡಿದ್ದನ್ನು ತಮಿಳಲ್ಲಿ ಸಲೀಸಾಗಿ ಹೇಳುವವನು, ತಾಯಿಯ ಮೇಲೆ ಕೈ ಎತ್ತಿದ್ದನ್ನು ಹೇಳಲು ಮನೆಮಾತು ಹುಡುಕುತ್ತಾನೆ. ರೋಗಿ ಸೇರುವಾಗ ಬರೆದುಕೊಳ್ಳುವ ಕಾಗದದಲ್ಲಿ ಮನೆಮಾತನ್ನೂ ಕೇಳಿದರೆ ಯಾರಿಗೂ ಖರ್ಚಿಲ್ಲ.

ಸಲಹೆಗಾರನಿಲ್ಲದ ಕಡೆ ಗೋಡೆ, ಬೀಗ, ಏಟು ಚಿಕಿತ್ಸೆಯಾಗುತ್ತವೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆ (2017) ಮದ್ಯ ಮತ್ತು ಮಾದಕವಸ್ತುಗಳಿಂದಾಗುವ ತೊಂದರೆಯನ್ನೂ ಮಾನಸಿಕ ಕಾಯಿಲೆಯೆಂದೇ ಎಣಿಸುತ್ತದೆ. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು. ಸರಪಳಿ ಹಾಕುವಂತಿಲ್ಲ, ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ತನಗೋ ಇತರರಿಗೋ ಅಪಾಯ ಮಾಡುವಂಥ ಸ್ಥಿತಿಯಲ್ಲಿ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿದ ಮೇಲೆ, ಒಪ್ಪಿಗೆ ಇಲ್ಲದೆ ಸೇರಿಸಬಹುದಾದರೂ ಮೊದಲ ಮಿತಿ 30 ದಿನ. ರಾತ್ರಿ ವ್ಯಾನ್ ಕಳಿಸಿ ಎತ್ತಿಕೊಂಡು ಹೋಗುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟುವ ಮೊದಲು ನೋಂದಣಿ ಪತ್ರ ತೋರಿಸಿ ಎನ್ನಬೇಕು. ಸಲಹೆಗಾರರು ಎಷ್ಟು ಮಂದಿ, ವೈದ್ಯರು ಯಾವ ದಿನ ಬರುತ್ತಾರೆ, ಮನೆಯವರು ಯಾವಾಗ ನೋಡಬಹುದು ಎಂದೂ ಕೇಳಬೇಕು. ಉತ್ತರಕ್ಕೆ ತಡವರಿಸಿದರೆ ಬೇರೆ ಕಡೆ ನೋಡುವುದೇ ಲೇಸು.

ದುಡ್ಡಿಲ್ಲದವರು ಮೊದಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನದು 14416. ಒಂದೇ ಅಂಕಿಯ ವ್ಯತ್ಯಾಸ, ನೋಡಿ ಒತ್ತಬೇಕು. ಟೆಲಿ ಮಾನಸ್‌ನಲ್ಲಿ ತಮಿಳಿನ ಜೊತೆ ಕನ್ನಡದಲ್ಲೂ ಮಾತಾಡಬಹುದು. ಕುಡಿಯುವವನೇ ಕರೆ ಮಾಡಬೇಕೆಂದಿಲ್ಲ, ಮನೆಯವರು ಯಾರಾದರೂ ಮಾಡಬಹುದು.