ಫ್ಲ್ಯಾಗ್‌ಗೊಂದು ಜಾಗ ಇರಲಿ

ಓಎಸ್ ಲ್ಯಾಬ್‌ನಲ್ಲಿ ನಾವೂ ಒಂದು ಸಿಸ್ಟಮ್ ಕಾಲ್ ಬರೀತೀವಿ. ಔಟ್‌ಪುಟ್ ಬಂತು, ರೆಕಾರ್ಡ್‌ಗೆ ಸೈನ್ ಆಯ್ತು, ಮುಗೀತು. ನಿಜವಾದ ಕರ್ನಲ್‌ನಲ್ಲಿ ಅಷ್ಟಕ್ಕೇ ಮುಗಿಯೋದಿಲ್ಲ. ಹಳೆಯ ಪ್ರೋಗ್ರಾಮ್‌ಗಳು ಕೆಡಬಾರದು ಅನ್ನೋದು ಲಿನಕ್ಸ್‌ನಲ್ಲಿ ಕಟ್ಟುನಿಟ್ಟಿನ ನಿಯಮ; ಹಾಗಾಗಿ ಒಮ್ಮೆ ಕೊಟ್ಟ ಕಾಲ್ ವಾಪಸ್ ಪಡೆಯೋದು ಕಷ್ಟ.

ಪೈಪ್ ಕಾಲನ್ನೇ ನೋಡಿ. ಅದರಲ್ಲಿ ಫ್ಲ್ಯಾಗ್‌ಗೆ ಜಾಗವೇ ಇರಲಿಲ್ಲ. ಪೈಪ್ ತೆರೆದು, ಆಮೇಲೆ ಕ್ಲೋಸ್-ಆನ್-ಎಕ್ಸೆಕ್ ಹಾಕುವಷ್ಟರಲ್ಲಿ ಇನ್ನೊಂದು ಥ್ರೆಡ್ ಫೋರ್ಕ್, ಎಕ್ಸೆಕ್ ಮಾಡಿದರೆ ಆ ಡಿಸ್ಕ್ರಿಪ್ಟರ್ ಹೊಸ ಪ್ರೋಗ್ರಾಮ್‌ಗೆ ಸೋರಿಹೋಗುತ್ತೆ. ಕೊನೆಗೆ 2008ರಲ್ಲಿ, ಲಿನಕ್ಸ್ 2.6.27ಕ್ಕೆ ಪೈಪ್2 ಸೇರಿಸಬೇಕಾಯ್ತು. ಹಳೆಯ ಪೈಪ್ ಕೂಡ ಹಾಗೇ ಉಳೀತು.

ಫ್ಲ್ಯಾಗ್ ಇಟ್ಟರೆ ಸಾಲದು. ಅರ್ಥವಿಲ್ಲದ ಬಿಟ್ ಬಂದರೆ ಎರರ್ ಕೊಡಬೇಕು. ಸುಮ್ಮನೆ ಬಿಟ್ಟರೆ ನಾಳೆ ಆ ಬಿಟ್ ನಮಗೆ ಸಿಗಲ್ಲ.

ವೈವಾದಲ್ಲಿ "ರನ್ ಆಯ್ತಾ?" ಜೊತೆಗೆ "ನಾಳೆ ಇನ್ನೊಂದು ಆಯ್ಕೆ ಬೇಕಾದ್ರೆ ಎಲ್ಲಿ ಹಾಕ್ತೀರಿ?" ಅಂತಲೂ ನಮ್ಮನ್ನು ಕೇಳಲಿ.